ಬರೆದಾದ ಮೇಲೆ ಹುಡುಕುವ ಆಕರಗಳು

ಗ್ರಂಥಸೂಚಿಯಲ್ಲಿ ಎಂಟು ಆಕರ, ಪ್ರಬಂಧದೊಳಗೆ ಒಂದಕ್ಕೂ ಕೆಲಸವಿಲ್ಲ. ಈಗಷ್ಟೇ ಅಂಥದ್ದೊಂದನ್ನು ಓದಿ ಮುಗಿಸಿದೆ. ತಲೆ ಕೆಟ್ಟಿದೆ, ಹಾಗಾಗಿ ಇದು ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ತಕರಾರು ಒಂದೇ. ಕಾಲೇಜಿನ ಬರವಣಿಗೆ ಕೋರ್ಸಿನಲ್ಲಿ ಮಕ್ಕಳು ಮೊದಲು ಪ್ರಬಂಧ ಬರೆದುಬಿಡುತ್ತಾರೆ, ಆಮೇಲೆ ಆಕರ ಹುಡುಕಲು ಹೊರಡುತ್ತಾರೆ. ಮನೆ ಕಟ್ಟಿ ಬಣ್ಣ ಬಳಿದ ಮೇಲೆ ಅಡಿಪಾಯ ಅಗೆದ ಹಾಗೆ. ತಾವು ಬರೆದದ್ದಕ್ಕೆ ಹೂಂಗುಟ್ಟುವ ಒಂದು ವಾಕ್ಯ ಎಲ್ಲಾದರೂ ಸಿಕ್ಕರೆ ಸಾಕು, ತಂದು ಅಂಟಿಸುತ್ತಾರೆ. ಇದಕ್ಕೆ ಸಂಶೋಧನೆ ಅಂತ ಹೆಸರು ಬೇರೆ!

ಹೀಗೇಕಾಗುತ್ತದೆ? ವಿಷಯ ಇದೆ, ಪ್ರಶ್ನೆ ಇಲ್ಲ. ‘ಮೊಬೈಲ್ ಮತ್ತು ಯುವಜನ’ ಅನ್ನುವುದು ವಿಷಯ. ಏನೂ ಓದದೆ ಅದರ ಬಗ್ಗೆ ಯಾರು ಬೇಕಾದರೂ ನಾಲ್ಕು ಪುಟ ಬರೆಯಬಹುದು, ಬರೆಯುತ್ತಲೂ ಇದ್ದಾರೆ. ‘ಮಲಗುವ ಮುಂಚಿನ ಒಂದು ಗಂಟೆ ಫೋನ್ ಮುಟ್ಟದಿದ್ದರೆ ಹಾಸ್ಟೆಲ್ ವಿದ್ಯಾರ್ಥಿಗಳ ನಿದ್ದೆ ಹೆಚ್ಚುತ್ತದೆಯೇ?’ ಇದು ಪ್ರಶ್ನೆ. ಯಾರು, ಯಾವ ಹೊತ್ತು, ಏನನ್ನು ಅಳೆಯಬೇಕು, ಮೂರೂ ಇದರಲ್ಲಿವೆ. ಉತ್ತರ ‘ಇಲ್ಲ’ ಅಂತಲೂ ಬರಬಹುದು. ಹಾಗೆ ಬರುವ ಸಾಧ್ಯತೆಯೇ ಇಲ್ಲದಿದ್ದರೆ ಅದು ಪ್ರಶ್ನೆಯ ವೇಷ ಹಾಕಿದ ಭಾಷಣ.

ಆ ಪ್ರಶ್ನೆಯನ್ನು ಇಡಿಯಾಗಿ ಗೂಗಲ್ ಸ್ಕಾಲರಿಗೆ, ಅಂದರೆ ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ತಾಣಕ್ಕೆ, ಸುರಿಯಬೇಡಿ. ಎರಡು ಮೂರು ತುಂಡು ಮಾಡಿ: ಫೋನ್ ಬಳಕೆ, ನಿದ್ದೆ, ಕಾಲೇಜು ವಿದ್ಯಾರ್ಥಿ. ಒಂದೊಂದಕ್ಕೂ ಸಂಶೋಧಕರು ಬಳಸುವ ಬೇರೆ ಬೇರೆ ಪದಗಳನ್ನು ಪಟ್ಟಿ ಮಾಡಿ. ನೀವು ‘ನಿದ್ದೆ’ ಅನ್ನುತ್ತೀರಿ, ಅವರು ನಿದ್ದೆಯ ಅವಧಿ, ನಿದ್ದೆಯ ಗುಣಮಟ್ಟ, ನಿದ್ರಾಹೀನತೆ ಅಂತ ಮೂರು ಕಡೆ ಬರೆದಿಟ್ಟಿರುತ್ತಾರೆ. ಇಂಥ ಪರ್ಯಾಯ ಪದಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ OR (‘ಅಥವಾ’) ಹಾಕಿ. ಒಟ್ಟಿಗೇ ಬರಬೇಕಾದ ಪದಗುಚ್ಛಕ್ಕೆ ಉದ್ಧರಣ ಚಿಹ್ನೆ ಕೊಡಿ. ಒಂದು ಒಳ್ಳೆಯ ಲೇಖನ ಸಿಕ್ಕಿತೋ, ಮತ್ತೆ ಸರ್ಚ್ ಬಾಕ್ಸಿಗೆ ಓಡಬೇಡಿ. ಅದರ ಕೊನೆಯ ಉಲ್ಲೇಖಪಟ್ಟಿಯಲ್ಲಿ ಹಳೆಯ ಕೆಲಸ ಸಿಗುತ್ತದೆ. ಆ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ತೋರಿಸುವ ಕೊಂಡಿ ಸ್ಕಾಲರಿನಲ್ಲೇ ಇದೆ, ಅಲ್ಲಿ ಹೊಸದು ಸಿಗುತ್ತದೆ. ಆಮೇಲೆ ಬಂದವರು ಈ ಲೇಖನವನ್ನು ಹರಿದುಹಾಕಿದ್ದಾರೋ ಅನ್ನುವುದೂ ಅಲ್ಲೇ ಗೊತ್ತಾಗುವುದು. ವಿಕಿಪೀಡಿಯ ಓದಿ, ತಪ್ಪಿಲ್ಲ, ಆದರೆ ಅದರ ಅಡಿಟಿಪ್ಪಣಿಗಳಿಗೆ ಇಳಿಯಿರಿ.

ಗೊತ್ತಿಲ್ಲದ ಜಾಲತಾಣ ಸಿಕ್ಕರೆ? ಅದರ ‘ನಮ್ಮ ಬಗ್ಗೆ’ ಪುಟವನ್ನು ಭಕ್ತಿಯಿಂದ ಓದುತ್ತಾ ಕೂರುವವರೇ ಹೆಚ್ಚು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ 10 ಇತಿಹಾಸ ಪಿಎಚ್‌ಡಿಗಳು, ಸುದ್ದಿಗಳ ನಿಜ ಸುಳ್ಳು ಪರೀಕ್ಷಿಸುವ 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಗಮನಿಸಿದರು. ಇತಿಹಾಸಕಾರರೂ ಅಂದದ ಲೋಗೋ, ಗಂಭೀರ ಹೆಸರುಗಳಿಗೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಬೇಗನೆ ಆ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಪಿಎಚ್‌ಡಿಯವರೇ ಎಡವಿದ ಮೇಲೆ ಮೊದಲ ವರ್ಷದವರನ್ನು ಬೈದು ಏನು ಬಂತು, ಹೇಳಿಕೊಡಬೇಕಷ್ಟೇ.

ಚಾಟ್‌ಜಿಪಿಟಿಯನ್ನು ಆಕರ ಕೇಳುವವರಿಗೆ ಒಂದೇ ಮಾತು: 2023ರಲ್ಲಿ ಅದು ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ನ್ಯೂಯಾರ್ಕಿನ ನ್ಯಾಯಾಧೀಶರು ವಕೀಲರಿಗೆ 5,000 ಡಾಲರ್ ದಂಡ ಹಾಕಿದರು.

ಇನ್ನು ಟಿಪ್ಪಣಿ. ಕೃತಿಚೌರ್ಯ ಎಷ್ಟೋ ಸಲ ಹುಟ್ಟುವುದು ಪ್ರಬಂಧದಲ್ಲಲ್ಲ, ಟಿಪ್ಪಣಿಯಲ್ಲಿ. ಲೇಖನದ ವಾಕ್ಯವನ್ನು ಉದ್ಧರಣ ಚಿಹ್ನೆಯಿಲ್ಲದೆ ಇಳಿಸಿಕೊಂಡವರಿಗೆ ಹತ್ತು ದಿನ ಕಳೆದ ಮೇಲೆ ಅದು ತಮ್ಮದೇ ಅನ್ನಿಸುತ್ತದೆ. ಆದ್ದರಿಂದ ಮೂರು ಭಾಗ ಮಾಡಿ: ಒಂದು, ಚಿಹ್ನೆ ಮತ್ತು ಪುಟಸಂಖ್ಯೆಯ ಸಮೇತ ಅವರ ಮಾತು; ಎರಡು, ಅದೇ ನಿಮ್ಮ ಮಾತಿನಲ್ಲಿ; ಮೂರು, ನಿಮಗೆ ಬಂದ ಅನುಮಾನ. ಎರಡನೆಯದನ್ನು ಬರೆಯುವಾಗ ಲೇಖನ ಮುಚ್ಚಿಡಿ. ತೆರೆದಿಟ್ಟು ಬರೆದರೆ ಅವರದೇ ವಾಕ್ಯಕ್ಕೆ ನಾಲ್ಕು ಪದ ಬದಲಾಗಿರುತ್ತದೆ ಅಷ್ಟೇ, ಅದೂ ಕಳ್ಳತನವೇ. ಬರೆದಾದ ಮೇಲೆ ತೆರೆದು ತಾಳೆ ನೋಡಿ. ಮಾತು ನಿಮ್ಮದಾದರೂ ವಿಚಾರ ಅವರದು, ಉಲ್ಲೇಖ ತಪ್ಪಿಸಬೇಡಿ. ಮೂರನೆಯ ಭಾಗವನ್ನು ಬಹುತೇಕರು ಖಾಲಿ ಬಿಡುತ್ತಾರೆ. ನಿಮ್ಮ ಪ್ರಬಂಧ ಹುಟ್ಟಬೇಕಾದದ್ದೇ ಅಲ್ಲಿ, ಸ್ವಾಮಿ!

ಪ್ರಬಂಧದಲ್ಲಿ ಉದ್ಧರಿಸಿದ ಮಾತು, ಅಂದರೆ ಕೋಟ್, ಅಲಂಕಾರಕ್ಕೆ ಬಂದಿದೆಯೋ ಕೆಲಸಕ್ಕೋ ತಿಳಿಯಲು ಅದನ್ನು ಅಳಿಸಿ ಪ್ಯಾರಾ ಓದಿ. ವಾದ ಅಲ್ಲಾಡದೆ ನಿಂತಿದ್ದರೆ ಆ ಕೋಟ್ ಬೇಕಿರಲಿಲ್ಲ. ವಾದ ಕುಸಿದರೆ ಅದನ್ನು ವಾಪಸ್ ಹಾಕಿ, ಜೊತೆಗೆ ಅದು ಯಾರ ಮಾತು, ಅವರಿಗೆ ಹೇಗೆ ಗೊತ್ತು, ಅದರಿಂದ ಏನು ಸಾಬೀತಾಯಿತು ಅಂತ ನಿಮ್ಮ ಎರಡು ವಾಕ್ಯ ಬರೆಯಿರಿ. ಎಂಎಲ್ಎ, ಎಪಿಎ ಎಂಬ ಉಲ್ಲೇಖ ಶೈಲಿಗಳ ಅಲ್ಪವಿರಾಮಕ್ಕೆ ರಾತ್ರಿಯಿಡೀ ಒದ್ದಾಡುವವರು ಈ ಎರಡು ವಾಕ್ಯಕ್ಕೆ ಸೋಮಾರಿತನ ಮಾಡುತ್ತಾರೆ. ಅಲ್ಪವಿರಾಮವನ್ನು ಜೊಟೆರೊ ಎಂಬ ಉಲ್ಲೇಖ ಜೋಡಿಸುವ ತಂತ್ರಾಂಶ ಪುಕ್ಕಟೆ ನೋಡಿಕೊಳ್ಳುತ್ತದೆ.

‘ಬರೆಯುತ್ತಾ ಹೋದರೆ ತಾನೇ ಯೋಚನೆ ಹುಟ್ಟೋದು?’ ಅಂತ ಕಾಮೆಂಟಿಗೆ ಬರುವವರಿದ್ದೀರಿ, ಗೊತ್ತು. ನಿಜ. ಹಾಗಾದರೆ ಆ ಬರಹ ಪ್ರಶ್ನೆ ಹುಡುಕಿಕೊಳ್ಳುವುದಕ್ಕೆ ಮಾತ್ರ, ಅದನ್ನು ಪಕ್ಕಕ್ಕಿಟ್ಟು ಓದಲು ಕೂರಬೇಕು. ಅದನ್ನೇ ತಿದ್ದಿ ತೀಡಿ, ಐದು ಉಲ್ಲೇಖ ಸಿಕ್ಕಿಸಿ ಕೊಡುವವರು ಈ ವಾದ ಹೂಡಬೇಡಿ.

ಮಕ್ಕಳದೊಂದೇ ತಪ್ಪಲ್ಲ ಬಿಡಿ. ‘ಕನಿಷ್ಠ ಐದು ಆಕರ’ ಅಂತ ಅಸೈನ್‌ಮೆಂಟ್ ಹಾಳೆಯಲ್ಲಿ ಬರೆದವರು ಯಾರು? ಐದು ಕೇಳಿದಿರಿ, ಐದು ಅಂಟಿಸಿದರು. ಅದರ ಬದಲು ಕರಡು ಬರೆಯುವ ಮೊದಲೇ ಮೂರು ಆಕರ ಕೇಳಿ. ಒಂದೊಂದರ ಕೆಳಗೆ ಮೂರು ಸಾಲು: ಏನು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತದೆ, ನನ್ನ ವಾದದಲ್ಲಿ ಇದಕ್ಕೇನು ಕೆಲಸ. ಅದಕ್ಕೇ ಕಾಲು ಭಾಗ ಅಂಕ ಇಡಿ. ಆಗ ಆ ಒಂಬತ್ತು ಸಾಲನ್ನು ಮೇಷ್ಟ್ರೂ ಓದಬೇಕಾಗುತ್ತದೆ. ಈ ಪದ್ಧತಿ ಯಾಕೆ ಬರುತ್ತಿಲ್ಲ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲವಲ್ಲ.