'ಸ್ಪೋರ್ಲೋಸ್' ನಾಯಕ ಬದುಕಬೇಕಿತ್ತೇ? ಪರ-ವಿರೋಧ

1988ರಲ್ಲಿ ಡಚ್ ನಿರ್ದೇಶಕ ಜಾರ್ಜ್ ಸ್ಲೈಜರ್ 'ಸ್ಪೋರ್ಲೋಸ್' ಚಿತ್ರ ಮಾಡಿದರು. ಟಿಮ್ ಕ್ರಾಬೆಯ ಕಿರುಕಾದಂಬರಿ ಅದಕ್ಕೆ ಮೂಲ. ರಜೆ ಕಳೆಯಲು ಫ್ರಾನ್ಸಿಗೆ ಬಂದ ಜೋಡಿ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸುತ್ತದೆ. ಕುಡಿಯಲು ಏನಾದರೂ ತರುತ್ತೇನೆಂದು ಹೋದ ಸಾಸ್ಕಿಯಾ ಮರಳಿ ಬರುವುದಿಲ್ಲ. ರೆಕ್ಸ್ ಮೂರು ವರ್ಷ ಹುಡುಕುತ್ತಾನೆ. ಕೊನೆಗೆ ಅಪಹರಣಕಾರನೇ ಎದುರು ಬಂದು, ಅವಳಿಗೆ ಏನಾಯಿತೆಂದು ತಿಳಿಯಬೇಕಾದರೆ ಅವಳು ಅನುಭವಿಸಿದ್ದನ್ನು ನೀನೂ ಅನುಭವಿಸು ಎನ್ನುತ್ತಾನೆ. ನಿದ್ದೆ ಬರಿಸುವ ಔಷಧ ಬೆರೆಸಿದ ಕಾಫಿ ಕುಡಿದ ರೆಕ್ಸ್‌ಗೆ ಎಚ್ಚರವಾಗುವುದು ಪೆಟ್ಟಿಗೆಯೊಳಗೆ, ಮಣ್ಣಿನಡಿ. ಅವನನ್ನು ಉಳಿಸಲು ಯಾರೂ ಬರುವುದಿಲ್ಲ.

1993ರಲ್ಲಿ ಅದೇ ಸ್ಲೈಜರ್ ಹಾಲಿವುಡ್‌ನಲ್ಲಿ 'ದಿ ವ್ಯಾನಿಶಿಂಗ್' ಹೆಸರಿನಲ್ಲಿ ಅದನ್ನೇ ಮತ್ತೆ ಮಾಡಿದರು. ಅಪಹರಣಕಾರನಾಗಿ ಜೆಫ್ ಬ್ರಿಜಸ್, ನಾಯಕನಾಗಿ ಕೀಫರ್ ಸದರ್ಲ್ಯಾಂಡ್, ಕಾಣೆಯಾಗುವವಳಾಗಿ ಸಾಂಡ್ರಾ ಬುಲಕ್. ಈ ಸಲ ನಾಯಕನ ಹೊಸ ಗೆಳತಿ ಹುಡುಕಿಕೊಂಡು ಬರುತ್ತಾಳೆ, ನಾಯಕ ಬದುಕುತ್ತಾನೆ, ಖಳ ಸಾಯುತ್ತಾನೆ. ಎರಡನ್ನೂ ನೋಡಿದವರು ಸೇರಿದ ಕಡೆಯಲ್ಲೆಲ್ಲ ಇದೇ ಜಗಳ. (ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆಯಿರಲಿ. ಕೊನೆಯನ್ನು ಮುಚ್ಚಿಟ್ಟುಕೊಂಡು ಈ ಚಿತ್ರದ ಬಗ್ಗೆ ಜಗಳವಾಡಲು ಬರುವುದಿಲ್ಲ.)

ಪರ: ಮಾಡಿದವನಿಗೇ ಇಲ್ಲದ ಸಂಕಟ ನಮಗೇಕೆ?

ಯಾವುದೋ ಸ್ಟುಡಿಯೋ ಯುರೋಪಿನ ಬಡಪಾಯಿಯೊಬ್ಬನ ಕಥೆ ಕಸಿದುಕೊಂಡು ಕೆಡಿಸಿತು ಎಂಬ ಧಾಟಿಯಲ್ಲಿ ಜನ ಮಾತಾಡುತ್ತಾರೆ. ಇಲ್ಲಿ ಹಾಗಾಗಿಲ್ಲ. ಎರಡೂ ಚಿತ್ರಗಳ ನಿರ್ದೇಶಕ ಒಬ್ಬನೇ. ತನ್ನ ಕಥೆಗೆ ತಾನೇ ಇನ್ನೊಂದು ಕೊನೆ ಕೊಡುವ ಹಕ್ಕು ಅವನಿಗೆ ಇಲ್ಲದಿದ್ದರೆ ಇನ್ಯಾರಿಗಿದೆ? ಮೂಲ ಚಿತ್ರವನ್ನು ಯಾರೂ ಸುಟ್ಟುಹಾಕಲಿಲ್ಲ. ಬೇಕಾದವರು ಇಂದಿಗೂ ನೋಡುತ್ತಾರೆ, ರಿಮೇಕ್ ನೋಡಿ ಕುತೂಹಲದಿಂದ ಮೂಲಕ್ಕೆ ಹೋದವರೂ ಇದ್ದಾರೆ.

ಹಾಗೆ ನೋಡಿದರೆ ಮೂಲದ ಹಾದಿಯಲ್ಲಿ ಭಾಷೆಯೇ ದೊಡ್ಡ ಗೋಡೆಯಾಗಿತ್ತು. ನೆದರ್ಲೆಂಡ್ಸ್ ಅದನ್ನು ಆಸ್ಕರ್‌ಗೆ ಕಳಿಸಿದಾಗ, ಡಚ್ಚಿಗಿಂತ ಫ್ರೆಂಚ್ ಮಾತೇ ಹೆಚ್ಚಿದೆ ಎಂದು ಅಕಾಡೆಮಿ ಸ್ಪರ್ಧೆಯಿಂದ ಹೊರಗಿಟ್ಟಿತು. ಸಬ್‌ಟೈಟಲ್ ಓದುತ್ತ ಸಿನಿಮಾ ನೋಡುವ ಅಭ್ಯಾಸ ಅಮೆರಿಕದ ಸಾಮಾನ್ಯ ಪ್ರೇಕ್ಷಕನಿಗೆ ಆ ಕಾಲದಲ್ಲಿ ಇರಲಿಲ್ಲ. ಅವನ ಬಳಿಗೆ ಕಥೆ ಹೋಗಬೇಕಾದರೆ ಅವನ ಊರು, ಅವನ ಭಾಷೆ, ಅವನಿಗೆ ಗೊತ್ತಿರುವ ಮುಖಗಳು ಬೇಕು. ಕನ್ನಡಿಗರಿಗೆ ಇದು ಹೊಸದೇನಲ್ಲ. ಡಬ್ಬಿಂಗ್‌ಗೆ ಜಾಗವಿಲ್ಲದ ದಶಕಗಳಲ್ಲಿ ಪಕ್ಕದ ರಾಜ್ಯಗಳ ಕಥೆಗಳು ನಮ್ಮ ಟಾಕೀಸಿಗೆ ಬಂದದ್ದು ರಿಮೇಕ್ ದಾರಿಯಲ್ಲೇ. ಮಲಯಾಳಂನ 'ಮಣಿಚಿತ್ರತ್ತಾಳ್' 2004ರಲ್ಲಿ 'ಆಪ್ತಮಿತ್ರ' ಆಗಿ ಬಂದಾಗ ಬದಲಾವಣೆಗಳನ್ನು ಲೆಕ್ಕ ಹಾಕುತ್ತ ಕೂತವರು ಎಷ್ಟು ಮಂದಿ?

ಬದಲಿಸಬಾರದು ಎನ್ನುವವರು ಮೈಕೆಲ್ ಹಾನೆಕೆಯನ್ನು ನೆನೆಯಲಿ. ಒಂದು ಕುಟುಂಬವನ್ನು ಅವರ ಮನೆಯಲ್ಲೇ ಒತ್ತೆಯಿಟ್ಟುಕೊಳ್ಳುವ 'ಫನ್ನಿ ಗೇಮ್ಸ್' ಅನ್ನು ಅವರು 1997ರಲ್ಲಿ ಆಸ್ಟ್ರಿಯಾದಲ್ಲಿ ಮಾಡಿದರು. 2007ರಲ್ಲಿ ಅಮೆರಿಕದಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಅದನ್ನೇ ಮತ್ತೆ ತೆಗೆದರು. ಅಷ್ಟು ನಿಷ್ಠೆಯ ನಕಲಿನಿಂದ ಮೊದಲನೆಯದನ್ನು ನೋಡಿದವನಿಗೆ ಏನು ಸಿಕ್ಕಿತು?

'ದಿ ವ್ಯಾನಿಶಿಂಗ್' ಕೊಟ್ಟದ್ದು ನಾಯಕನ ಹೊಸ ಗೆಳತಿ ರೀಟಾಳನ್ನು. ಮೂಲದಲ್ಲಿ ರೆಕ್ಸ್‌ನ ಹೊಸ ಗೆಳತಿ ಲೀನೆಕೆಗೆ ಮಾಡಲು ಕೆಲಸವೇ ಇಲ್ಲ. ಕಾಣೆಯಾದವಳ ಗುಂಗಿನಲ್ಲಿರುವ ಗಂಡಸನ್ನು ಸಹಿಸಿಕೊಳ್ಳುತ್ತಾಳೆ, ಸಾಕಾದಾಗ ಬಿಟ್ಟು ಹೋಗುತ್ತಾಳೆ. ನ್ಯಾನ್ಸಿ ಟ್ರಾವಿಸ್ ಮಾಡಿದ ರೀಟಾ ಹಾಗಲ್ಲ. ಹೋಟೆಲಿನಲ್ಲಿ ಸಪ್ಲೈ ಮಾಡುವ ಹೆಂಗಸು, ಬಾಯಿ ಜೋರು, ಹೊಟ್ಟೆಕಿಚ್ಚೂ ಇದೆ. ಸತ್ತಳೋ ಬದುಕಿದ್ದಾಳೋ ಗೊತ್ತಿಲ್ಲದ ಹೆಣ್ಣಿನ ಜೊತೆ ಪೈಪೋಟಿಗೆ ಬಿದ್ದವಳು. ಅಪಹರಣದ ಕಥೆಗಳಲ್ಲಿ ಹೆಂಗಸರು ಕಾಣೆಯಾಗುವುದಕ್ಕೆ, ಅಳುವುದಕ್ಕೆ ಮಾತ್ರ ಇರುತ್ತಾರೆ ಎಂದು ದೂರುವ ನಾವು, ಒಬ್ಬಳು ಗುದ್ದಲಿ ಹಿಡಿದರೆ ಅಸಹಜ ಎನ್ನುತ್ತೇವೆ.

ಹೂತುಹಾಕುವ ಭಯವನ್ನೂ ಹೊಸ ಚಿತ್ರ ಕೈಬಿಟ್ಟಿಲ್ಲ. ಮಣ್ಣಿನಡಿಯ ಆ ಕತ್ತಲನ್ನು ತೋರಿಸಿಯೇ ಹೊರಗೆ ತರುತ್ತದೆ. ದುಡ್ಡು ಕೊಟ್ಟು ಬಂದವನು ಎರಡು ಗಂಟೆ ಉಸಿರು ಬಿಗಿಹಿಡಿದು ಕೂತ ಮೇಲೆ ಆ ಉಸಿರು ಬಿಡಲು ಅವಕಾಶ ಕೊಟ್ಟರೆ ಅದೇನು ಅಪರಾಧವಲ್ಲ.

ವಿರೋಧ: ಕಾಫಿ ಕುಡಿದ ಮೇಲೆ ದಾರಿಯಿಲ್ಲ

ದುಃಖಾಂತವೇ ಶ್ರೇಷ್ಠ, ಸುಖಾಂತವೆಲ್ಲ ಅಗ್ಗದ್ದು ಎಂಬ ವಾದ ನನ್ನದಲ್ಲ. ಈ ಕಥೆಗೆ ಸುಖಾಂತ ಹೊಂದುವುದಿಲ್ಲ, ಅಷ್ಟೇ. ಹೊಂದದಿರುವುದಕ್ಕೆ ಕಾರಣ ಅಪಹರಣಕಾರ ರೇಮಂಡ್.

ಬರ್ನಾರ್ ಪಿಯೇರ್ ದೊನಾದಿಯೂ ಮಾಡಿದ ಈ ಪಾತ್ರ ರಸಾಯನಶಾಸ್ತ್ರದ ಮೇಷ್ಟ್ರದ್ದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಹಳ್ಳಿಯಲ್ಲೊಂದು ಮನೆ. ಹದಿನಾರನೇ ವಯಸ್ಸಿನಲ್ಲಿ ಬಾಲ್ಕನಿಯಿಂದ ಹಾರಿದ್ದ. ಹಾರಬಾರದೆಂದು ಎಲ್ಲರಿಗೂ ಗೊತ್ತಿರುವಾಗ, ಹಾರಿದರೆ ಏನು ಎಂದು ನೋಡಲು. ದೊಡ್ಡವನಾದ ಮೇಲೆ ನೀರಿನಲ್ಲಿ ಮುಳುಗುತ್ತಿದ್ದ ಮಗುವನ್ನು ಉಳಿಸುತ್ತಾನೆ, ಮಕ್ಕಳ ಕಣ್ಣಲ್ಲಿ ವೀರನಾಗುತ್ತಾನೆ. ಅಲ್ಲಿಂದ ಅವನಿಗೆ ಹುಳ ಹೊಕ್ಕುತ್ತದೆ: ಇಷ್ಟು ಒಳ್ಳೆಯದನ್ನು ಮಾಡಬಲ್ಲ ನಾನು ಇಷ್ಟೇ ಕೆಟ್ಟದ್ದನ್ನೂ ಮಾಡಬಲ್ಲೆನೇ? ಕ್ಲೋರೋಫಾರ್ಮ್ ಎಷ್ಟು ಹೊತ್ತು ಮತ್ತಿನಲ್ಲಿಡುತ್ತದೆ ಎಂದು ತನ್ನ ಮೇಲೇ ಪ್ರಯೋಗಿಸಿ ಗಡಿಯಾರ ನೋಡಿಕೊಳ್ಳುತ್ತಾನೆ. ಖಾಲಿ ಕಾರಿನಲ್ಲಿ ಕೂತು, ಬಾರದ ಹೆಂಗಸಿಗೆ ಬಾಗಿಲು ತೆರೆಯುವುದನ್ನು ಅಭ್ಯಾಸ ಮಾಡುತ್ತಾನೆ. ಮನೆಮಂದಿ ತಮಾಷೆಗೆ ಕಿರುಚಿದಾಗ, ಅದು ಕೇಳಿಸಿತೇ ಎಂದು ಆಮೇಲೆ ಪಕ್ಕದವನನ್ನು ವಿಚಾರಿಸುತ್ತಾನೆ. ಇದೆಲ್ಲ ನಡೆಯುವುದು ಹಗಲು ಬೆಳಕಿನಲ್ಲಿ. ಒಬ್ಬ ಮೇಷ್ಟ್ರು ಪಾಠದ ಟಿಪ್ಪಣಿ ಬರೆದಷ್ಟೇ ನಿರುದ್ವೇಗ. ರೇಡಿಯೋದಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ವೀಕ್ಷಕ ವಿವರಣೆ ಬೇರೆ.

ಅವನಿಗೆ ಎದುರಾಗಿ ರೆಕ್ಸ್. ಮೂರು ವರ್ಷದಲ್ಲಿ ಅವನು ಸಾಸ್ಕಿಯಾಳನ್ನು ಮರಳಿ ಪಡೆಯುವ ಆಸೆ ಬಿಟ್ಟಿದ್ದಾನೆ. ಸೇಡೂ ಬೇಡ, ಏನಾಯಿತೆಂದು ತಿಳಿದರೆ ಸಾಕು ಅವನಿಗೆ. ಹಾರಿದರೆ ಏನು ಎಂದು ನೋಡಹೊರಟವನೂ ಅವಳಿಗೆ ಏನಾಯಿತು ಎಂದು ತಿಳಿಯಹೊರಟವನೂ ಒಂದೇ ರೋಗದವರು. ರೇಮಂಡ್‌ಗೆ ಅದು ಚೆನ್ನಾಗಿ ಗೊತ್ತು. ಬಲವಂತವಿಲ್ಲ, ಕೈ ಕಟ್ಟುವುದಿಲ್ಲ, ಪೊಲೀಸರ ಬಳಿ ಹೋಗಬೇಕೆಂದರೆ ಹೋಗು ಎನ್ನುತ್ತಾನೆ. ರೆಕ್ಸ್ ತಾನಾಗಿ ಕುಡಿಯುತ್ತಾನೆ.

ನಾವೂ ಅವನ ಜೊತೆಗೇ ಕುಡಿಯುತ್ತೇವೆ ಎಂಬುದು ನನ್ನ ಅನಿಸಿಕೆ. ಕುಡಿಯದೆ ಎದ್ದು ಹೋದರೆ ಅವನು ಬದುಕುತ್ತಾನೆ, ಆದರೆ ಸಾಸ್ಕಿಯಾಳ ಗತಿ ನಮಗೆ ತಿಳಿಯುವುದಿಲ್ಲ. ಟಾಕೀಸಿನಲ್ಲಿ ಕೂತ ಯಾರೂ ಅದಕ್ಕೆ ಒಪ್ಪುವುದಿಲ್ಲ. ಕುಡಿ ಎಂದು ಮನಸ್ಸಿನಲ್ಲೇ ದೂಡಿದವರು ನಾವು. ಅದರ ಬೆಲೆ ಕಟ್ಟಲೇಬೇಕು. ರೀಟಾ ಬಂದು ಮಣ್ಣು ತೆಗೆದ ಕೂಡಲೇ ಉತ್ತರವೂ ಸಿಕ್ಕಿತು, ಪ್ರಾಣವೂ ಉಳಿಯಿತು. ಅದೂ ಸಾಲದೆಂದು ನಾಯಕ ಕೊನೆಯಲ್ಲಿ ತನ್ನ ಅನುಭವವನ್ನು ಪುಸ್ತಕ ಮಾಡಿ ಪ್ರಕಾಶಕರಿಗೆ ಮಾರುತ್ತಾನೆ. ಸತ್ತವಳ ಕಥೆ ಅಷ್ಟಕ್ಕೆ ಮುಗಿಯಿತು.

ರೀಟಾಳ ಬಗ್ಗೆ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಆಕೆ ಒಳ್ಳೆಯ ಪಾತ್ರವೇ, ಆದರೆ ಬೇರೆ ಸಿನಿಮಾದ್ದು. ನಿರ್ದೇಶಕ ಒಬ್ಬನೇ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಮೂಲದ ಚಿತ್ರಕಥೆಯಲ್ಲಿ ಕಾದಂಬರಿಕಾರ ಕ್ರಾಬೆಯ ಕೈಯಿತ್ತು, ಹೊಸದನ್ನು ಬರೆದವರು ಟಾಡ್ ಗ್ರಾಫ್. ಪ್ರೇಕ್ಷಕನಿಗೆ ಇಷ್ಟವಾಗಲೆಂದು ಬದಲಿಸಿದ್ದು ಎನ್ನುತ್ತೀರಲ್ಲ, ಪ್ರೇಕ್ಷಕ ಬಂದನೇ? ಅಮೆರಿಕದಲ್ಲಿ ಚಿತ್ರ ಗಳಿಸಿದ್ದು ಸುಮಾರು 1.4 ಕೋಟಿ ಡಾಲರ್, ಅಂಥ ನಟರಿದ್ದೂ. ಮೂಲವನ್ನು ಮೆಚ್ಚಿದ್ದ ವಿಮರ್ಶಕ ರೋಜರ್ ಎಬರ್ಟ್ ಇದಕ್ಕೆ ಕೊಟ್ಟದ್ದು ಒಂದೇ ಒಂದು ಸ್ಟಾರ್.

2024ರ 'ಸ್ಪೀಕ್ ನೋ ಈವಿಲ್' ರಿಮೇಕ್ ಮೂಲದ ಘೋರ ಅಂತ್ಯ ಬಿಟ್ಟೂ ಚೆನ್ನಾಗಿ ಓಡಿತಲ್ಲ ಎಂದು ಕೇಳುವವರಿದ್ದಾರೆ. ನಿಜ. 2022ರ ಡ್ಯಾನಿಶ್ ಮೂಲದಲ್ಲಿ ಅತಿಥಿಗಳಾಗಿ ಹೋದ ದಂಪತಿ ದಾಕ್ಷಿಣ್ಯಕ್ಕೆ ಬಿದ್ದು ಮಗಳನ್ನೂ ಕಳೆದುಕೊಳ್ಳುತ್ತಾರೆ, ಪ್ರಾಣವನ್ನೂ. ಹೊಸದರಲ್ಲಿ ತಿರುಗಿಬಿದ್ದು ಹೊಡೆದಾಡುತ್ತಾರೆ. ದಾಕ್ಷಿಣ್ಯ ಕೊನೆಗಳಿಗೆಯಲ್ಲಾದರೂ ಮುರಿಯಬಹುದಾದ ಕಟ್ಟು, ಆದ್ದರಿಂದ ಅಲ್ಲಿ ಆ ತಿರುವು ನಂಬುವಂತಿದೆ. ಕುಡಿದ ಕಾಫಿ ಹಾಗಲ್ಲ. ರೆಕ್ಸ್‌ನನ್ನು ಉಳಿಸಲೇಬೇಕಿದ್ದರೆ ಅವನು ಲೋಟ ಎತ್ತುವ ಮೊದಲೇ ಉಳಿಸಬೇಕಿತ್ತು: ಪೊಲೀಸರ ಬಳಿ ಹೋಗು ಎಂದಾಗ ಹೋಗುವವನನ್ನಾಗಿ ಬರೆಯಬೇಕಿತ್ತು. ಆಗ ಅದು ಇನ್ನೊಂದು ಕಥೆಯಾಗುತ್ತಿತ್ತು, ನನ್ನ ತಕರಾರೂ ಇರುತ್ತಿರಲಿಲ್ಲ.