ಸತ್ಯಾಂಶ: ಮುಖ ನೋಡಿ ಮನಸ್ಸು ಓದುತ್ತದೆಯೇ ಕಂಪ್ಯೂಟರ್?

"ಕ್ಯಾಮೆರಾ ಮುಖ ನೋಡಿದರೆ ಸಾಕು, ಮನಸ್ಸಿನಲ್ಲಿ ಏನಿದೆ ಅಂತ ಎಐ ಹೇಳಿಬಿಡುತ್ತದೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಷ್ಟು ಸಲೀಸಲ್ಲ.

ಕಂಪ್ಯೂಟರ್ ಕಲಿಯುವುದು ಫೋಟೋಗಳಿಂದ. ಎಫ್‌ಇಆರ್-2013 ಎಂಬ ಸಂಗ್ರಹದಲ್ಲಿ ಸುಮಾರು 35,000 ಮುಖಗಳಿವೆ. ಒಂದೊಂದೂ ಬರೀ 48×48 ಚುಕ್ಕಿಗಳ ಕಪ್ಪು-ಬಿಳುಪು ಚಿತ್ರ. ಪ್ರತಿಯೊಂದಕ್ಕೂ ಸಿಟ್ಟು, ಖುಷಿ, ಭಯ ಹೀಗೆ ಏಳರಲ್ಲಿ ಒಂದು ಚೀಟಿ. ಚಿತ್ರದಲ್ಲಿರುವವರನ್ನು ಕೇಳಿ ಅಂಟಿಸಿದ್ದಲ್ಲ. ಗೂಗಲ್‌ನಲ್ಲಿ ಹುಡುಕಿ, ನೋಡಿದವರು ಅಂದಾಜಿಸಿದ್ದು! ಅಂದರೆ ಯಂತ್ರ ಕಲಿತದ್ದು ನಮ್ಮ ಊಹೆಯನ್ನೇ.

ಬಿಸಿಲಿಗೂ ಹುಬ್ಬು ಗಂಟಾಗುತ್ತದೆ, ಅಲ್ವಾ? ಸಿಟ್ಟು ಬಂದಾಗ ಜನ ಮುಖ ಗಂಟಿಕ್ಕುವುದು ನೂರಕ್ಕೆ ಸುಮಾರು 30 ಸಲ ಮಾತ್ರ ಎಂದು 2019ರಲ್ಲಿ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದರು. 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ಕೈಬಿಡುವುದಾಗಿ ಘೋಷಿಸಿತು.