ಕುಂಬಳಕಾಯಿ ಕಳ್ಳರು

ಮೊನ್ನೆ ಶನಿವಾರ ರಾತ್ರಿ ಒಂದು ಕ್ವಿಜ್‌ನಲ್ಲಿ ನಮ್ಮ ಟೀಮಿಗೆ 10 ಪಾಯಿಂಟ್ ಕೊಡಿಸಿ ಬಂದೆ. ಅವತ್ತಿನಿಂದ ಆ 10 ಪಾಯಿಂಟ್ ಗಂಟಲಲ್ಲಿ ಬಂಗುಡೆ ಮುಳ್ಳು ಸಿಕ್ಕಿಕೊಂಡ ಹಾಗೆ ಚುಚ್ಚುತ್ತಿದೆ. ಉದ್ದ ಬರೆಯುತ್ತೇನೆ. ಟೈಮ್ ಇಲ್ಲದವರು ಈಗಲೇ ಒಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಬೆಂಗಳೂರಿನ ಒಂದು ಪಬ್. ರಾಕ್ ಮ್ಯೂಸಿಕ್ ಕ್ವಿಜ್. ತಲೆ ನೆರೆತ ನಾವು ನಾಲ್ವರು ಒಂದು ಮೂಲೆಯ ಟೇಬಲ್, ಉಳಿದವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು. ಮೂರನೇ ರೌಂಡಿನಲ್ಲಿ ಪರದೆ ಮೇಲೆ ಒಂದು ಆಲ್ಬಮ್ ಕವರ್ ಬಂತು. ಒಬ್ಬ ಹೆಂಗಸು, ಒಂದು ಮೀನು. ಪ್ರಶ್ನೆ: ಒಂದು ಜರ್ಮನ್ ಹೆವಿ ಮೆಟಲ್ ಬ್ಯಾಂಡನ್ನು ಮುಳುಗಿಸಿದ ಎರಡು ಆಲ್ಬಮ್‌ಗಳಲ್ಲಿ ಇದು ಮೊದಲನೆಯದು, ಎರಡನೆಯದು ಯಾವುದು?

ಪ್ರಶ್ನೆ ಮುಗಿಯುವ ಮೊದಲೇ ನಾನು ಚೀಟಿಯಲ್ಲಿ ಬರೆದಾಗಿತ್ತು. 'ಕಮೀಲಿಯನ್'. 1993. ನನ್ನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಹೆಂಡತಿ ಹುಟ್ಟುಹಬ್ಬ ಮರೆಯುವ ಮನುಷ್ಯ, ಹೆಲೋವೀನ್ ಬ್ಯಾಂಡಿನ ಆಲ್ಬಮ್ ವರ್ಷ ಮರೆಯುವುದಿಲ್ಲ.

ಉತ್ತರದ ಸ್ಲೈಡ್‌ನಲ್ಲಿ ಐದು ಜನರ ಫೋಟೋ. ಕ್ವಿಜ್ ಮಾಡುತ್ತಿದ್ದ ಹುಡುಗ ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದ. ಹಾಡುವವನು ಮೈಕೆಲ್ ಕಿಸ್ಕೆ, ಇವನೇ ಪಾಪ್ ಹುಚ್ಚು ಹಿಡಿಸಿಕೊಂಡು ಬ್ಯಾಂಡ್ ಮುಳುಗಿಸಿದ್ದು. ಗಿಟಾರ್‌ಗೆ ವೈಕಾತ್, ಗ್ರಾಪೋವ್. ಬಾಸ್‌ಗೆ ಗ್ರೋಸ್‌ಕೋಪ್ಫ್. ಆಮೇಲೆ, 'ಇವನು ಯಾರೋ ಒಬ್ಬ ಡ್ರಮ್ಮರ್.' ಎಲ್ಲರೂ ನಕ್ಕರು. ನಾನೂ ನಕ್ಕೆ. 10 ಪಾಯಿಂಟ್ ಬಂದಿತ್ತಲ್ಲ, ಖುಷಿ.

ಕಾರ್ ಪಾರ್ಕಿಂಗ್‌ಗೆ ಬಂದ ಮೇಲೆ ಸಿಟ್ಟು ಬಂತು.

ಯಾರೋ ಒಬ್ಬ ಡ್ರಮ್ಮರ್ ಅಂತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹ್ಯಾಂಬರ್ಗ್‌ನ ಹುಡುಗರು. 1984ರ ಹೊತ್ತಿಗೆ ನಾಲ್ಕು ಜನ ಸೇರಿದರು. ಕೈ ಹ್ಯಾನ್ಸೆನ್ (ನಮ್ಮ ಕೈಕಾಲಿನ ಕೈ ಅಲ್ಲ, ಅವನ ಹೆಸರೇ ಕೈ), ಮೈಕೆಲ್ ವೈಕಾತ್, ಮಾರ್ಕುಸ್ ಗ್ರೋಸ್‌ಕೋಪ್ಫ್, ಮತ್ತೆ ಡ್ರಮ್ಸ್‌ಗೆ ಇಂಗೋ ಶ್ವಿಖ್ಟೆನ್‌ಬರ್ಗ್. ಹ್ಯಾಲೋವೀನ್ ಹಬ್ಬದ ಹೆಸರಲ್ಲಿ ಒಂದು ಅಕ್ಷರ ಬದಲಾಯಿಸಿ ನರಕವನ್ನು ತೂರಿಸಿದರು, ಲೋಗೋದಲ್ಲಿ ಕುಂಬಳಕಾಯಿ ಕೂರಿಸಿದರು. 1985ರಲ್ಲಿ ಮೊದಲ ಪೂರ್ಣ ಆಲ್ಬಮ್. ಆಗ ಕೈ ಹ್ಯಾನ್ಸೆನೇ ಗಿಟಾರ್ ಬಾರಿಸಿಕೊಂಡು ಹಾಡುತ್ತಿದ್ದ. ಅದು ಹಾಡೋ ಕಿರುಚಾಟವೋ ಅನ್ನುವುದು ಬೇರೆ ಚರ್ಚೆ. ಆಮೇಲೆ ಹದಿನೆಂಟು ವರ್ಷದ ಕಿಸ್ಕೆ ಬಂದ. ಹದಿನೆಂಟು! ಆ ವಯಸ್ಸಿನಲ್ಲಿ ನಾನು ಸಿಇಟಿ ರ‍್ಯಾಂಕ್ ನೋಡಿ ಅಳುತ್ತಿದ್ದೆ. ಆ ಹುಡುಗನ ದನಿ ಮೇಲಕ್ಕೆ ಹೋದರೆ ಎಲ್ಲಿ ನಿಲ್ಲುತ್ತದೆ ಅಂತ ಹೇಳುವ ಹಾಗಿರಲಿಲ್ಲ.

1987ರಲ್ಲಿ 'ಕೀಪರ್ ಆಫ್ ದ ಸೆವೆನ್ ಕೀಸ್' ಮೊದಲ ಭಾಗ, 1988ರಲ್ಲಿ ಎರಡನೆಯದು. ಇವರಿಗೆ ಎರಡನ್ನೂ ಒಟ್ಟಿಗೆ ಡಬಲ್ ಆಲ್ಬಮ್ ಮಾಡುವ ಆಸೆ, ಅವರ ರೆಕಾರ್ಡ್ ಕಂಪನಿ ನಾಯ್ಸ್ ಒಪ್ಪಲಿಲ್ಲ. ಇವತ್ತು ಪವರ್ ಮೆಟಲ್ ಅಂತ ಏನನ್ನು ಕರೆಯುತ್ತಾರೋ, ಅದರ ಅಡಿಪಾಯ ಈ ಎರಡು ಆಲ್ಬಮ್. 1988ರ ಆಗಸ್ಟ್ 20ಕ್ಕೆ ಇಂಗ್ಲೆಂಡಿನ ಡೋನಿಂಗ್ಟನ್‌ನಲ್ಲಿ, ಒಂದು ಲಕ್ಷ ಜನರ ಆಸುಪಾಸು ಸೇರಿದ್ದ ಆ ದೊಡ್ಡ ಹಬ್ಬದಲ್ಲಿ ಮೊದಲು ಸ್ಟೇಜ್ ಹತ್ತಿದ್ದು ಇವರು. ಅವತ್ತು ಕೊನೆಗೆ ನುಡಿಸಿದ್ದು ಐರನ್ ಮೇಡನ್. ಅದೇ ವರ್ಷ ಮೇಡನ್ ಜೊತೆ ಯುರೋಪ್ ಸುತ್ತಿದರು. ಮೆಟ್ಟಿಲು ಹತ್ತಿದ್ದು ಅಷ್ಟು ಬೇಗ.

ಈಗ ಆ ಸಂಗೀತ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಇರುವುದೇ ಅಲ್ಲಿ. ನಮ್ಮ ಕುಂದಾಪುರ ಕಡೆ ಆಟ, ಅಂದರೆ ಯಕ್ಷಗಾನ, ನೋಡಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಏರು ಪದ್ಯಕ್ಕೆ ಭಾಗವತರು ದನಿ ಮೇಲೆ ಎತ್ತಿ ಎಳೆದು ಹಾಡುತ್ತಾರೆ. ಅವರು ಆರಾಮವಾಗಿ ಎಳೆಯುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಕೆಳಗೆ ಚೆಂಡೆ ಓಡುತ್ತಿರುತ್ತದೆ. ಆ ಚೆಂಡೆ ನಿಲ್ಲಿಸಿ ನೋಡಿ, ಪದ್ಯ ಅಲ್ಲೇ ಕೂತುಬಿಡುತ್ತದೆ. ಹೆಲೋವೀನ್ ಹಾಡುಗಳೂ ಹಾಗೇ. ಮೇಲೆ ಗಿಟಾರ್ ಎರಡೂ ಸೇರಿ ಉದ್ದನೆಯ ರಾಗ ನುಡಿಸುತ್ತವೆ, ಕಿಸ್ಕೆ ಎಳೆದು ಹಾಡುತ್ತಾನೆ. ಕೆಳಗೆ ಇಂಗೋ ಎರಡು ಕಾಲು, ಎರಡು ಪೆಡಲ್, ಕುದುರೆ ಓಟ. 'ಈಗಲ್ ಫ್ಲೈ ಫ್ರೀ' ಹಾಕಿ ಕೇಳಿ. ಬರೆದವನು ವೈಕಾತ್, ಹಾಡಿದವನು ಕಿಸ್ಕೆ, ಆದರೆ ಆ ಹದ್ದು ಹಾರುವುದು ಇಂಗೋನ ಕಾಲಿನ ಮೇಲೆ. ಮಧ್ಯದಲ್ಲಿ ಎಲ್ಲರಿಗೂ ಒಂದೊಂದು ಸೋಲೋ ಕೊಟ್ಟಿದ್ದಾರೆ, ಬಾಸ್‌ಗೂ ಡ್ರಮ್ಸ್‌ಗೂ ಸಹ. ಮೆಟಲ್‌ನಲ್ಲಿ ಅಷ್ಟು ಪಂಕ್ತಿಭೇದ ಇಲ್ಲದ ಊಟ ನಾನು ಕಂಡಿದ್ದು ಕಡಿಮೆ.

ನಮ್ಮೂರಿನ ಆಟದ ಹ್ಯಾಂಡ್‌ಬಿಲ್‌ನಲ್ಲಿ ಕೂಡ ಚೆಂಡೆ, ಮದ್ದಳೆ ಅಂತ ಬರೆದು ಮುಂದೆ ಹೆಸರು ಹಾಕುತ್ತಾರೆ ಸ್ವಾಮಿ. ಯಾರೋ ಒಬ್ಬ ಚೆಂಡೆಯವ ಅಂತ ಹಾಕಿದರೆ ಮಾರನೇ ವರ್ಷ ಊರಿನವರು ಮೇಳ ಕರೆಸುವುದಿಲ್ಲ.

ಇನ್ನು ಇಳಿತದ ಕಥೆ. ಎಲ್ಲರಿಗೂ ಇಷ್ಟ ಆಗುವುದು ಅದೇ.

ಮೊದಲು ಕೈ ಹ್ಯಾನ್ಸೆನ್ ಹೋದ. ಹೊರಗೆ ಹೋಗಬೇಕು ಅಂತ 1988ರ ಆಲ್ಬಮ್‌ನಲ್ಲೇ ಒಂದು ಹಾಡು ಬರೆದಿದ್ದ, ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೋ ಏನೋ. ಟೂರ್ ಮಾಡಿ ಮಾಡಿ ಸುಸ್ತಾಗಿದ್ದ. ಎರಡನೇ 'ಕೀಪರ್' ಬಂದು ಕೆಲವೇ ತಿಂಗಳಿಗೆ ಬ್ಯಾಂಡ್ ಬಿಟ್ಟು ಗಾಮಾ ರೇ ಅಂತ ತನ್ನದೇ ಬ್ಯಾಂಡ್ ಶುರು ಮಾಡಿದ. ಬ್ಯಾಂಡಿನ ಒಂದು ಕೈ ಹೋಯಿತು (ಕ್ಷಮಿಸಿ, ಇಪ್ಪತ್ತು ವರ್ಷದಿಂದ ಇದೇ ಜೋಕ್). ಅವನ ಜಾಗಕ್ಕೆ ಗ್ರಾಪೋವ್ ಬಂದ. ಬ್ಯಾಂಡಿನವರು ನಾಯ್ಸ್ ಬಿಟ್ಟು ಇಎಂಐ ಅನ್ನುವ ದೊಡ್ಡ ರೆಕಾರ್ಡ್ ಕಂಪನಿಗೆ ಹೊರಟರು. ನಾಯ್ಸ್ ಕೋರ್ಟಿಗೆ ಹೋಯಿತು. ಯಾರದು ತಪ್ಪು ಅಂತ ನಾನು ತೀರ್ಪು ಕೊಡುವುದಿಲ್ಲ. ಆದರೆ ಉಳುವ ಹೊತ್ತಲ್ಲಿ ಎತ್ತು ಕಟ್ಟಿ ಹಾಕಿದ ಹಾಗಾಯಿತು. ಕ್ವಿಜ್‌ನಲ್ಲಿ ತೋರಿಸಿದ ಆ ಮೀನಿನ ಕವರಿನ ಆಲ್ಬಮ್, 'ಪಿಂಕ್ ಬಬಲ್ಸ್ ಗೋ ಏಪ್', ಇಂಗ್ಲೆಂಡ್‌ನಲ್ಲಿ 1991ರಲ್ಲಿ ಬಂದರೆ, ಅಮೆರಿಕದಲ್ಲಿ ಬಂದಿದ್ದು 1992ರಲ್ಲಿ. 1988ರಲ್ಲಿ ಬಾಗಿಲು ಒದ್ದು ಒಳಗೆ ಬಂದವರು ಮುಂದಿನ ಆಲ್ಬಮ್ ಕೈಗಿಡುವ ಹೊತ್ತಿಗೆ ಜನ ಅಮೆರಿಕದ ಸಿಯಾಟಲ್‌ನ ಗ್ರಂಜ್ ರಾಕ್ ಕಡೆ ಮುಖ ಮಾಡಿ ಕೂತಿದ್ದರು.

ಇಲ್ಲಿ ಒಬ್ಬ ಗೆಳೆಯ ಖಂಡಿತ ಕಮೆಂಟ್ ಹಾಕುತ್ತಾನೆ, ಗೊತ್ತು. 'ಕೋರ್ಟು ಬಂದು ಹ್ಯಾಮ್‌ಸ್ಟರ್ ಬಗ್ಗೆ ಹಾಡು ಬರೆಯಿತಾ?' ಅಂತ. ಸರಿ ಮಾರಾಯ, ಆ ಆಲ್ಬಮ್‌ನಲ್ಲಿ ಹ್ಯಾಮ್‌ಸ್ಟರ್ ಬಗ್ಗೆ ಹಾಡು ಇದೆ, ಒಪ್ಪಿದೆ. ಪಿಂಕ್ ಫ್ಲಾಯ್ಡ್‌ಗೆ ಕವರ್ ಮಾಡಿದ ಸ್ಟಾರ್ಮ್ ಥಾರ್ಗರ್ಸನ್ ಕೈಯಿಂದ ಕವರ್ ಮಾಡಿಸಿ ಒಳಗೆ ಇಲಿ ಜಾತಿಯನ್ನು ಬಿಟ್ಟರು. 'ಕಮೀಲಿಯನ್' ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಹಾಡಿನಲ್ಲಿ ಪೀಪಿ ವಾದ್ಯ, ಇನ್ನೊಂದರಲ್ಲಿ ಅಕೌಸ್ಟಿಕ್ ಗಿಟಾರ್, ಮತ್ತೊಂದು ಮಕ್ಕಳ ಜೋಗುಳದ ಹಾಗೆ. ಬರೆಯುವವರೆಲ್ಲ ತಮ್ಮ ತಮ್ಮ ಗಂಟು ತಂದು ಒಂದೇ ಕೋಣೆಯಲ್ಲಿ ಬಿಚ್ಚಿದ ಹಾಗಿದೆ. ತಪ್ಪು ಬ್ಯಾಂಡಿನದೂ ಇದೆ. ಆಯಿತಾ? ಈಗ ನನ್ನ ಮಾತು ಕೇಳು. ಮನೆಯಲ್ಲಿ ಒಬ್ಬನಿಗೆ ಜ್ವರ ನೆತ್ತಿಗೇರಿರುವಾಗ ಅಡುಗೆಗೆ ಉಪ್ಪು ಜಾಸ್ತಿ ಆಗಿದ್ದನ್ನೇ ಮೂವತ್ತು ವರ್ಷ ಮಾತಾಡುತ್ತೀರಲ್ಲ, ನಾಚಿಕೆ ಆಗುವುದಿಲ್ವಾ?

ಯಾಕೆಂದರೆ ಅದೇ ದಿನಗಳಲ್ಲಿ ಇಂಗೋ ಒಳಗೊಳಗೇ ಕುಸಿಯುತ್ತಿದ್ದ. ಗೆಳೆಯರು ಅವನನ್ನು 'ಮಿಸ್ಟರ್ ಸ್ಮೈಲ್' ಅಂತ ಕರೆಯುತ್ತಿದ್ದರು, ಅಷ್ಟು ನಗುಮುಖ. ಕುಡಿತ ಇತ್ತು, ಡ್ರಗ್ಸ್ ಇತ್ತು. ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಇತ್ತು. 'ಕಮೀಲಿಯನ್' ಟೂರ್ ನಡುವೆಯೇ ನುಡಿಸಲು ಆಗದ ಸ್ಥಿತಿಗೆ ಬಂದ. ಬೇರೆಯವರನ್ನು ಕೂರಿಸಿ ಟೂರ್ ಮುಗಿಸಿದರು. ಇಂಗೋ ಹೊರಗೆ. ಕಿಸ್ಕೆಯನ್ನೂ ತೆಗೆದರು. ಇಎಂಐ ಜೊತೆಗಿನ ನಂಟೂ ಮುಗಿಯಿತು. 1995ರ ಮಾರ್ಚ್ 8ಕ್ಕೆ, ಹ್ಯಾಂಬರ್ಗ್‌ನಲ್ಲಿ ಇಂಗೋ ತನ್ನ ಜೀವ ತಾನೇ ಕಳೆದುಕೊಂಡ. ವಯಸ್ಸು 29.

ನೋಡಿ, ನಾವು ನಗುವ ಆ 'ಕಮೀಲಿಯನ್' ಆಲ್ಬಮ್‌ನಲ್ಲೇ ನರಕದಿಂದ ಹೊರಗೆ ಬಾ ಅಂತ ಕರೆಯುವ ಒಂದು ಹಾಡಿದೆ. ಗ್ರಾಪೋವ್ ಬರೆದಿದ್ದು, ಇಂಗೋನ ಸ್ಥಿತಿ ನೋಡಿ. ಅಂದರೆ ಬ್ಯಾಂಡಿನೊಳಗೆ ಗೊತ್ತಿತ್ತು. ಆ ಹಾಡಿಗೆ ಡ್ರಮ್ಸ್ ಬಾರಿಸಿದವನೂ ಇಂಗೋನೇ. ತನ್ನ ಬಗ್ಗೆ ಬರೆದ ಹಾಡಿಗೆ ತಾನೇ ತಾಳ ಹಿಡಿದ. ಇದನ್ನು ಕ್ವಿಜ್ ಪ್ರಶ್ನೆ ಮಾಡಿ ನೋಡೋಣ, ಎಷ್ಟು ಜನ ನಗುತ್ತಾರೆ ಅಂತ.

ಎಲ್ಲ ಬ್ಯಾಂಡೂ ಒಂದು ದಿನ ಇಳಿಯುತ್ತದೆ, ಹಾಡುವವನ ಅಹಂಕಾರ, ದುಡ್ಡಿನ ಜಗಳ, ಇದೆಲ್ಲ ಮಾಮೂಲು ಅನ್ನುವವರಿದ್ದಾರೆ. ಹೌದು, ಮಾಮೂಲು. ಅದಕ್ಕೇ ಅದು ಸುಲಭ. ಕಿಸ್ಕೆಯನ್ನು ಬೈಯುವುದು ಸುಲಭ, ಅವನಿಗೆ ಮುಖ ಇದೆ, ದನಿ ಇದೆ, ಸಂದರ್ಶನಗಳಲ್ಲಿ ಬಾಯಿಗೆ ಬಂದಿದ್ದು ಹೇಳುವ ಅಭ್ಯಾಸ ಬೇರೆ ಇತ್ತು. ಹಿಂದೆ ಕೂತು ಬಾರಿಸುವವನು ಹಿಂದೆಯೇ ಉಳಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ. ಕಾರಿನಲ್ಲಿ ಕೂತು ನಾನು ಮುಟ್ಟಿ ನೋಡಿಕೊಂಡಿದ್ದು ನನ್ನ ಹೆಗಲನ್ನೇ.

ನನ್ನ ಕಾಲೇಜ್ ಬ್ಯಾಂಡ್ ನಿಮಗೆ ಗೊತ್ತು. ಆ ಕಾಲದ ಕೂದಲಿನ ಫೋಟೋ ಎಷ್ಟು ಸಲ ಹಾಕಿ ಲೈಕ್ ತೆಗೆದುಕೊಂಡಿಲ್ಲ ನಾನು! ರೆಕಾರ್ಡಿಂಗ್ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಂಡ 'ಕೀಪರ್' ಎರಡನೇ ಭಾಗ, ಅದನ್ನು ತಂದು ನನಗೆ ಕೇಳಿಸಿದ್ದೇ ನಮ್ಮ ಡ್ರಮ್ಮರ್. ಹೆಸರು ಬೇಡ. ಹಾಸ್ಟೆಲ್ ಮಂಚದ ಕಂಬಿಗೆ ಎರಡು ಕಾಲಿನಲ್ಲಿ ಒದ್ದು ಒದ್ದು ಆ ಓಟ ಕಲಿತಿದ್ದ. ಕೆಳಗಿನ ಕೋಣೆಯವರು ದಿನಾ ಬೈಯುತ್ತಿದ್ದರು.

ಮೂರನೇ ವರ್ಷದಲ್ಲಿ ಅವನಿಗೆ ನಿದ್ದೆ ಹೋಯಿತು. ರಾತ್ರಿ ಎಲ್ಲ ಕಾರಿಡಾರಿನಲ್ಲಿ ನಡೆಯುತ್ತಿದ್ದ. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುತ್ತಿದ್ದ. ಹುಡುಗಿ ವಿಷಯ ಅಂದೆವು. ಸೊಕ್ಕು ಅಂದೆವು. ಅವನ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದಾಗ ಫೆಸ್ಟಿಗೆ ಹನ್ನೆರಡು ದಿನ ಬಾಕಿ ಇತ್ತು. ನಾವು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಬ್ಬ ಜೂನಿಯರ್ ಹುಡುಗನನ್ನು ಹುಡುಕಿದ್ದು. ಎರಡನೆಯದು, ಫೆಸ್ಟ್ ಮುಗಿಯುವ ತನಕ ಅವನ ಡ್ರಮ್ ಕಿಟ್ ಇಲ್ಲೇ ಇರಲಿ ಅಂತ ಅವನ ಅಪ್ಪನನ್ನು ಒಪ್ಪಿಸಿದ್ದು. ಒಪ್ಪಿಸಿದ್ದು ನಾನು. ಆ ವರ್ಷ ನಮಗೆ ಎರಡನೇ ಬಹುಮಾನ ಬಂತು. ಆ ಸಂಜೆ ಸ್ಟೇಜ್ ಮೇಲೆ ಮೈಕ್ ಹಿಡಿದು ಎಲ್ಲರ ಹೆಸರು ಹೇಳಿದೆ, ಅವನ ಹೆಸರು ಹೇಳಲಿಲ್ಲ.

ಇಲ್ಲಿಗೆ ಬರೆಯುವುದು ನಿಲ್ಲಿಸಿ ಎರಡು ಸಲ ಟೀ ಕುಡಿದು ಬಂದೆ.

ಹೆಲೋವೀನ್ ಮುಳುಗಲಿಲ್ಲ, ಅದನ್ನೂ ಆ ಕ್ವಿಜ್ ಹುಡುಗ ಹೇಳಲಿಲ್ಲ. 1994ರಲ್ಲಿ ಆಂಡಿ ಡೆರಿಸ್ ಬಂದು ಹಾಡಿದ, ಬ್ಯಾಂಡ್ ಎದ್ದು ನಿಂತಿತು. 1996ರ ಆಲ್ಬಮನ್ನು ಇಂಗೋನ ನೆನಪಿಗೆ ಅರ್ಪಿಸಿದರು. ಗಾಮಾ ರೇ ಕಟ್ಟಿದ್ದ ಕೈ ಹ್ಯಾನ್ಸೆನ್ ಕೂಡ 1995ರಲ್ಲೇ ಅವನಿಗಾಗಿ ಒಂದು ಹಾಡು ಮಾಡಿದ್ದ. 2017ರಲ್ಲಿ ಹಳೆಯ ಜಗಳ ಎಲ್ಲ ಮೂಟೆ ಕಟ್ಟಿಟ್ಟು ಹ್ಯಾನ್ಸೆನ್, ಕಿಸ್ಕೆ ಇಬ್ಬರೂ ವಾಪಸ್ ಬಂದರು. ಡೆರಿಸ್‌ನನ್ನೂ ಕಳಿಸಲಿಲ್ಲ. ಏಳು ಜನ, ಮೂರು ಗಿಟಾರ್, ಒಂದೇ ಸ್ಟೇಜ್. 2021ರಲ್ಲಿ ಬಂದ ಆಲ್ಬಮ್ ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 'ಕೀಪರ್' ಕಾಲದಲ್ಲೂ ಹೋಗಿರಲಿಲ್ಲ.

ಆ ಏಳು ಜನ ಸೇರಿ ಮಾಡಿದ ಟೂರಿನ ವಿಡಿಯೋ ಸಿಗುತ್ತದೆ, ಹುಡುಕಿ ನೋಡಿ. ನಡುವೆ ದೀಪ ಆರುತ್ತದೆ. ಹಿಂದಿನ ದೊಡ್ಡ ಪರದೆಯಲ್ಲಿ ಇಂಗೋ ಬರುತ್ತಾನೆ, ಹಳೆಯ ಟೇಪು, ಉದ್ದ ಕೂದಲು. ಅವನು ಒಂದು ಸುತ್ತು ಬಾರಿಸುತ್ತಾನೆ. ಈಗಿನ ಡ್ರಮ್ಮರ್ ಡಾನಿ ಲೋಬ್ಲೆ ಕೆಳಗೆ ಕೂತು ಉತ್ತರ ಕೊಡುತ್ತಾನೆ. ಮತ್ತೆ ಇಂಗೋ. ಮತ್ತೆ ಡಾನಿ. ಸತ್ತವನಿಗೂ ಇದ್ದವನಿಗೂ ಜುಗಲ್‌ಬಂದಿ. ಆಮೇಲೆ 2021ರ ಆಲ್ಬಮ್ ರೆಕಾರ್ಡ್ ಮಾಡುವಾಗ ಡಾನಿ ಬಾರಿಸಿದ್ದು ಇಂಗೋನ ಹಳೆಯ ಡ್ರಮ್ ಕಿಟ್ಟಿನ ಮೇಲೆ.

ಕಿಟ್ ಅಂದರೆ ಹೀಗೆ ಇಟ್ಟುಕೊಳ್ಳಬೇಕು. ನಮ್ಮದು ಹಾಸ್ಟೆಲ್ ಸ್ಟೋರ್ ರೂಮಿನಲ್ಲಿ ಇತ್ತು. ಆಮೇಲೆ ಏನಾಯಿತು ಅಂತ ನಾನು ಯಾವತ್ತೂ ಕೇಳಲಿಲ್ಲ.

ನಮ್ಮ ಹುಡುಗ ಚೆನ್ನಾಗಿದ್ದಾನೆ, ಹೆದರಬೇಡಿ. ಔಷಧಿ ತೆಗೆದುಕೊಳ್ಳುತ್ತಾನೆ, ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾನೆ, ಎರಡು ಮಕ್ಕಳು. ನಾಲ್ಕು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ್ದ. ಮಕ್ಕಳ ಫೀಸು, ಸಿಮೆಂಟ್ ರೇಟು ಮಾತಾಡಿದೆವು. ಬ್ಯಾಂಡ್ ವಿಷಯ ಅವನೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ನಿನ್ನೆ ರಾತ್ರಿ ಆ ಜುಗಲ್‌ಬಂದಿ ವಿಡಿಯೋ ಅವನಿಗೆ ಕಳಿಸಿದೆ. ಜೊತೆಗೆ ಏನು ಬರೆಯಬೇಕು ಅಂತ ತೋಚದೆ ಸುಮ್ನೆ ಲಿಂಕ್ ಮಾತ್ರ ಕಳಿಸಿದೆ.

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಉತ್ತರ ಬಂತು.

'ಅಡ್ಡಿಲ್ಲ ಮಾರಾಯ. ಹೋಯ್, ನನ್ ಕಿಟ್ ಯಾರ ಹತ್ರ ಇತ್?'